ಬೆನ್ನಿನ ನೀರಿನ 14 ರೋಗಾಣು ಪ್ಯಾನೆಲ್ ಟೆಸ್ಟ್: ಫಾಸ್ಟ್ ಇದೆ, ಆದ್ರೆ ನಮ್ಮ ಕಡೆ ಮಿದುಳು ಜ್ವರ ಅದ್ರಲ್ಲಿಲ್ಲ

ಹೋದ ಮಳೆಗಾಲದಲ್ಲಿ ನಮ್ಮಕ್ಕನ ಮಗನಿಗೆ, 9 ವರ್ಷ, ಮೂರು ದಿನ ಜ್ವರ ವಾಂತಿ, ನಾಲ್ಕನೇ ದಿನ ಬೆಳಗ್ಗೆ ಫಿಟ್ಸ್ ಬಂದು ಅವರಮ್ಮನ್ನೇ ಗುರುತು ಹಿಡೀಲಿಲ್ಲ. ಊರು ಮಂಡ್ಯ ಕಡೆ, ಮನೆ ಹಿಂದೇನೇ ವಿ.ಸಿ. ನಾಲೆ ಗದ್ದೆ. ಆಸ್ಪತ್ರೆಲಿ ಬೆನ್ನಿನ ನೀರು (ಮಿದುಳು, ಬೆನ್ನುಹುರಿ ಸುತ್ತ ಇರೋ ದ್ರವ) ತೆಗೀಬೇಕು ಅಂದ್ರು, ಭಾವ ಬೇಡ್ವೇ ಬೇಡ ಅಂತ ಹಠ, ಕಾಲು ಬಿದ್ದೋಗುತ್ತೆ ಅಂತ ಯಾರೋ ಹೇಳಿದ್ರಂತೆ. ಡಾಕ್ಟರಮ್ಮ ಕೂತ್ಕೊಂಡು ಬಿಡಿಸಿ ಹೇಳಿದ್ರು, ಬೆನ್ನುಹುರಿ ಮುಗಿಯೋ ಜಾಗಕ್ಕಿಂತ ಕೆಳಗೆ ಸೂಜಿ ಹಾಕೋದು, ಹುರಿಗೆ ತಾಗಲ್ಲ ಅಂತ. ಆಮೇಲೆ ಸೈನ್ ಹಾಕಿದ್ರು. ಮಗೂನ ಮಂಡಿ ಎದೆಗೆ ಒತ್ತಿ ಮುದುರಿಸಿ ಮಲಗಿಸಿದ್ರು, ಹನಿ ಹನಿಯಾಗಿ ಮೂರು ಪುಟ್ಟ ಬಾಟ್ಲಿಗೆ ಬಿತ್ತು, ತಿಳಿಯಾಗಿತ್ತು. ಬ್ಯಾಕ್ಟೀರಿಯಾ ಜೋರಾಗಿದ್ರೆ ಅಕ್ಕಿ ತೊಳೆದ ನೀರಿನ ಥರ ಮಸುಕಿರುತ್ತಂತೆ.

ಈಗ ಟೆಸ್ಟ್ ವಿಷಯ. ಇದು ಪಿಸಿಆರ್, ಅಂದ್ರೆ ನೀರಲ್ಲಿ ರೋಗಾಣುವಿನ ಡಿಎನ್ಎ, ಆರ್‌ಎನ್ಎ ಹುಡುಕೋ ಟೆಸ್ಟ್. ಒಂದೇ ಸ್ಯಾಂಪಲ್ಲಲ್ಲಿ 14 ರೋಗಾಣು ನೋಡುತ್ತೆ, 6 ಬ್ಯಾಕ್ಟೀರಿಯಾ, 7 ವೈರಸ್, 1 ಫಂಗಸ್, 0.2 ಎಂಎಲ್ ನೀರು ಸಾಕು, ಮಷೀನಿಗೆ ಹಾಕಿದ್ಮೇಲೆ ಸುಮಾರು ಒಂದು ಗಂಟೆ. ನಿಜವಾಗ್ಲೂ ಮೆಚ್ಚಬೇಕಾದ್ದು. ಯಾಕಂದ್ರೆ ಕಲ್ಚರ್‌ಗೆ, ಅಂದ್ರೆ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ, ದಿನಗಟ್ಲೆ ಬೇಕು, ಅದೂ ನಮ್ಮ ಹುಡುಗನಿಗೆ ಊರಲ್ಲೇ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಬಿಟ್ಟಿದ್ರು, ಹಾಗೆ ಕೊಟ್ಮೇಲೆ ಕಲ್ಚರಲ್ಲಿ ಏನೂ ಬೆಳೀದೇ ಇರಬಹುದು, ಪಿಸಿಆರ್‌ಗೆ ಸತ್ತ ಬ್ಯಾಕ್ಟೀರಿಯಾದ ಡಿಎನ್ಎ ಕೂಡ ಸಿಗುತ್ತೆ. ಹರ್ಪಿಸ್ ವೈರಸ್ಸೂ ಲಿಸ್ಟಲ್ಲಿದೆ, ಅದಕ್ಕೆ ಅಸೈಕ್ಲೋವಿರ್ ಅಂತ ಔಷಧಿ ಇರೋದ್ರಿಂದ ಬೇಗ ಗೊತ್ತಾಗೋದು ಪ್ರಾಣದ ಪ್ರಶ್ನೆ.

ರಿಪೋರ್ಟ್ ಬಂತು, 14ಕ್ಕೆ 14 ನೆಗೆಟಿವ್. ಅಕ್ಕ ಏನೂ ಇಲ್ವಂತೆ ಕಣೇ ಅಂತ ಖುಷಿಯಾಗಿ ಅತ್ಬಿಟ್ಳು. ನನ್ನ ಕಂಪ್ಲೇಂಟ್ ಇರೋದೇ ಇಲ್ಲಿ. ಆ 14ರಲ್ಲಿ ಜಪಾನೀಸ್ ಎನ್ಸೆಫಲೈಟಿಸ್ (ಜೆಇ, ಹಂದಿ, ಬೆಳ್ಳಕ್ಕಿಯಿಂದ ಸೊಳ್ಳೆ ಮೂಲಕ ಬರೋ ಮಿದುಳು ಜ್ವರ) ಇಲ್ಲ, ಡೆಂಗ್ಯೂ ಇಲ್ಲ, ಸ್ಕ್ರಬ್ ಟೈಫಸ್ (ನುಸಿಯಂಥ ಪುಟ್ಟ ಹುಳ ಕಚ್ಚಿ ಬರೋ ಜ್ವರ) ಇಲ್ಲ, ಟಿಬಿನೂ ಇಲ್ಲ! ಗದ್ದೆ, ಹಂದಿ, ಬೆಳ್ಳಕ್ಕಿ, ಕ್ಯೂಲೆಕ್ಸ್ ಸೊಳ್ಳೆ ಎಲ್ಲಾ ಇರೋ ಊರಿನ ಮಗೂಗೆ ಮೊದಲು ಕೇಳ್ಬೇಕಾದ ಪ್ರಶ್ನೆನೇ ಇದು ಕೇಳಲ್ಲ. ಅಷ್ಟು ದುಡ್ಡು ಕೊಟ್ಟೋರಿಗೆ ಇದನ್ನ ರಿಪೋರ್ಟ್ ಮೇಲೇ ದಪ್ಪಕ್ಷರದಲ್ಲಿ ಬರೀಬೇಕು ಅನ್ನೋದು ನನ್ನ ಅಭಿಪ್ರಾಯ.

ಡಾಕ್ಟರಮ್ಮ ಮಾತ್ರ ರಿಪೋರ್ಟ್ ಒಂದನ್ನೇ ನಂಬಿ ಕೂರಲಿಲ್ಲ. ಸೆಲ್ ಕೌಂಟಲ್ಲಿ ಲಿಂಫೋಸೈಟ್ (ಒಂದು ಬಗೆ ಬಿಳಿ ರಕ್ತಕಣ) ಜಾಸ್ತಿ, ಶುಗರ್ ನಾರ್ಮಲ್, ಇದು ವೈರಸ್ ಕಡೆ ಕೈ ತೋರಿಸ್ತಿದೆ ಅಂದ್ರು, ಅದೇ ಬ್ಯಾಕ್ಟೀರಿಯಾ ಆಗಿದ್ರೆ ಸಾಮಾನ್ಯವಾಗಿ ನ್ಯೂಟ್ರೋಫಿಲ್ (ಇನ್ನೊಂದು ಬಗೆ ಬಿಳಿ ರಕ್ತಕಣ) ಏರಿ ಶುಗರ್ ಇಳಿದಿರುತ್ತಂತೆ. ಸ್ಕ್ರಬ್ ಟೈಫಸ್ ಅನುಮಾನಕ್ಕೆ ಕಂಕುಳು, ತೊಡೆ ಸಂದಿ ಎಲ್ಲಾ ಕಪ್ಪು ಹೆಕ್ಕಳೆ ಗಾಯ ಇದ್ಯಾ ಅಂತ ಟಾರ್ಚ್ ಹಾಕಿ ಹುಡುಕಿದ್ರು. ಉಳಿದ ಬಾಟ್ಲಿ ಐಸ್ ಬಾಕ್ಸಲ್ಲಿ ಬೆಂಗಳೂರು ನಿಮ್ಹಾನ್ಸ್‌ಗೆ ಹೋಯ್ತು, ಜೆಇ ಐಜಿಎಂ (ಆ ವೈರಸ್ ವಿರುದ್ಧ ಮೈ ಮೊದಲು ತಯಾರಿಸೋ ಪ್ರತಿಕಾಯ) ಟೆಸ್ಟಿಗೆ. ಪಾಸಿಟಿವ್ ಬಂತು. ಜೆಇಗೆ ಅಂತಾನೇ ಔಷಧಿ ಇಲ್ಲ, ಆದ್ರೂ ಗೊತ್ತಾದ್ಮೇಲೆ ಬೇಡದ ಡ್ರಿಪ್ಪೆಲ್ಲಾ ನಿಲ್ಸಿ ಫಿಟ್ಸು, ಮಿದುಳು ಊತ, ಊಟ ಇದರ ಮೇಲೆ ಗಮನ ಇಟ್ರು.

ಟೆಸ್ಟಿಗೆ ನನ್ನ ಕಡೆಯಿಂದ ಐದಕ್ಕೆ ಮೂರು ಸ್ಟಾರ್. ಮಾಡ್ಸಿ, ಬೇಡ ಅನ್ನಲ್ಲ, ಆದ್ರೆ ಜೆಇ ಐಜಿಎಂಗೆ ಅಂತ ಸ್ವಲ್ಪ ನೀರು ಮೊದಲೇ ತೆಗೆದಿಡಿಸಿ, ಮತ್ತೆ ಶುರುವಿನ ದಿನಗಳಲ್ಲಿ ಅದೂ ನೆಗೆಟಿವ್ ಬರಬಹುದು, ಅನುಮಾನ ಇದ್ರೆ ಇನ್ನೊಂದ್ಸಲ ಮಾಡಿಸ್ಬೇಕಾಗುತ್ತೆ. ಹುಡುಗ ಈಗ ಸ್ಕೂಲಿಗೆ ಹೋಗ್ತಿದಾನೆ, ಬಲಗೈ ಬರೆಯುವಾಗ ಇನ್ನೂ ನಡುಗುತ್ತೆ, ಫಿಸಿಯೋ ನಡೀತಿದೆ.