ಕಿಲ್ಟ್ ಜೊತೆ ಆರ್ಗೈಲ್ ಹೋಸ್ ಮಾಡಿಸುವವರೇ, ಫೋಟೋ ತೋರಿಸಿ ಆರ್ಡರ್ ಕೊಡಬೇಡಿ

ಎಡಿನ್‌ಬರೊ, ಗ್ಲ್ಯಾಸ್ಗೋ ಕಡೆ ಇರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಫೀಸಿನ ಗೆಳೆಯರ ಮದುವೆಗೋ, ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ ನಡೆಯುವ ಜನವರಿ 25ರ ಬರ್ನ್ಸ್ ನೈಟ್‌ಗೋ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ, ಮೊಣಕಾಲಿನವರೆಗಿನ ನೆರಿಗೆ ಉಡುಪು) ಹಾಕುವವರು ನಮ್ಮಲ್ಲೂ ಇದ್ದೀರಿ. ದಯವಿಟ್ಟು ಪೂರ್ತಿ ಓದಿ. ಒಂದು ಜೊತೆ ಹೋಸ್, ಅಂದರೆ ಕಿಲ್ಟ್ ಜೊತೆ ಹಾಕುವ ಮೊಣಕಾಲುದ್ದದ ಕಾಲುಚೀಲಕ್ಕೆ ನನ್ನ 145 ಪೌಂಡ್ ಹೋಯಿತು. ಹಣ ಹೋದದ್ದಕ್ಕಿಂತ ಆ ಅಂಗಡಿಯವರು ಕೊಟ್ಟ ಉತ್ತರವೇ ಇವತ್ತಿಗೂ ಚುಚ್ಚುತ್ತಿದೆ.

ನನ್ನ ಕಿಲ್ಟ್ ಬ್ಲ್ಯಾಕ್ ವಾಚ್ ಟಾರ್ಟನ್, ಅಂದರೆ ನೀಲಿ, ಹಸಿರು, ಕಪ್ಪಿನ ಚೌಕಳಿ. ಅಲ್ಲಿ ಎಷ್ಟೋ ಟಾರ್ಟನ್‌ಗಳು ಒಂದೊಂದು ಕ್ಲ್ಯಾನ್‌ನ, ಅಂದರೆ ಕುಲದ, ಹೆಸರಿನವು. ನಮಗೆ ಯಾವ ಕ್ಲ್ಯಾನ್ ಇದೆ ಹೇಳಿ? ಇದನ್ನಾದರೆ ಯಾರು ಬೇಕಾದರೂ ಹಾಕಬಹುದು, ಅದಕ್ಕೇ ಆರಿಸಿಕೊಂಡೆ. 8 ಗಜ ಉಣ್ಣೆ ಬಟ್ಟೆ, ಹಿಂದೆ ಪೂರ್ತಿ ನೆರಿಗೆ. ಆದರೆ ನನ್ನದು ಏನ್ಷಿಯಂಟ್ ಬ್ಲ್ಯಾಕ್ ವಾಚ್. ಇಲ್ಲೇ ಇರುವುದು ವಿಷಯ. ಏನ್ಷಿಯಂಟ್ ಅಂದರೆ ಬಟ್ಟೆ ಹಳೆಯದು ಅಂತಲ್ಲ. ಗಿಡ, ಬೇರುಗಳಿಂದ ಬಣ್ಣ ಹಾಕುತ್ತಿದ್ದ ಕಾಲದ ಹಾಗೆ ಕಾಣಲಿ ಅಂತ ತಿಳಿಯಾಗಿ ಮಾಡಿದ ನೀಲಿ, ತಿಳಿಯಾದ ಹಸಿರು. ಮಾಡರ್ನ್ ಅಂದರೆ ಗಾಢ ಬಣ್ಣ. 1856ರ ನಂತರ ಬಂದ ರಾಸಾಯನಿಕ ಬಣ್ಣಗಳ ಕಾಲದ್ದು. ಮಾಡರ್ನ್ ಬ್ಲ್ಯಾಕ್ ವಾಚ್‌ನಲ್ಲಿ ನೀಲಿಗೂ ಕಪ್ಪಿಗೂ ದೂರದಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎರಡಕ್ಕೂ ಚೌಕಳಿ ಒಂದೇ, ಹೆಸರೂ ಒಂದೇ. ಪಕ್ಕ ಪಕ್ಕ ಇಟ್ಟರೆ ಮಾತ್ರ ಎರಡು ಬೇರೆ ಬಟ್ಟೆ.

ಕಳೆದ ವರ್ಷ ಗೆಳೆಯನ ಮದುವೆ ಪರ್ತ್‌ಶೈರ್‌ನಲ್ಲಿತ್ತು. ಮದುಮಗನ ಪಕ್ಕ ನಿಲ್ಲುವ ನಾಲ್ವರಲ್ಲಿ ನಾನೂ ಒಬ್ಬ. ಅಷ್ಟು ಹತ್ತಿರದ ಗೆಳೆಯ. ಅಲ್ಲಿಯವರೆಗೆ ನಾನು ಬರೀ ಕ್ರೀಮ್ ಬಣ್ಣದ ಹೋಸ್ ಹಾಕುತ್ತಿದ್ದೆ. ಬಾಡಿಗೆಗೆ ಕಿಲ್ಟ್ ತಂದರೆ ಕೊಡುತ್ತಾರಲ್ಲ, ಅದೇ. ಈ ಸಲ ಚೆನ್ನಾಗಿರುವುದೊಂದು ಮಾಡಿಸೋಣ ಅನಿಸಿತು. ಕಿಲ್ಟ್‌ನ ಬಣ್ಣಗಳಲ್ಲೇ ಹೆಣೆದ ಆರ್ಗೈಲ್ ಹೋಸ್. ಹಿಂದೆ ಹೋಸ್ ಹೆಣೆಯುತ್ತಿರಲಿಲ್ಲ, ಟಾರ್ಟನ್ ಬಟ್ಟೆಯನ್ನೇ ಓರೆಯಾಗಿ ಕತ್ತರಿಸಿ ಹೊಲಿಯುತ್ತಿದ್ದರು. ಓರೆಯಾಗಿ ಕತ್ತರಿಸಿದರೆ ಚೌಕಳಿ ವಜ್ರದ ಆಕಾರಕ್ಕೆ ಬರುತ್ತದೆ. ಆ ಆಕಾರವೇ ಆರ್ಗೈಲ್ ಹೆಣಿಗೆಯಲ್ಲಿ ಉಳಿದಿದೆ. ಕಿಲ್ಟ್ ಬಟ್ಟೆಯೇ ಕಾಲಿಗೂ ಇಳಿದ ಹಾಗೆ ಕಾಣಬೇಕು. ಅದಕ್ಕೇ ಅಲ್ವಾ ಇಷ್ಟು ದುಡ್ಡು ಕೊಡುವುದು?

ಅಂಗಡಿ ಹೆಸರು ಹೇಳುವುದಿಲ್ಲ. ಕಿಟಕಿಯಲ್ಲಿ "ಯಾವ ಟಾರ್ಟನ್‌ಗಾದರೂ ಮ್ಯಾಚ್ ಮಾಡಿಕೊಡುತ್ತೇವೆ" ಅಂತ ಬೋರ್ಡ್ ಇತ್ತು. ಒಳಗೆ ಕೊರಳಿಗೆ ಟೇಪ್ ಹಾಕಿಕೊಂಡ ಹಿರಿಯರೊಬ್ಬರು. ಬಹಳ ಮರ್ಯಾದೆಯಿಂದ ಮಾತಾಡಿದರು. ಮೊದಲೇ ಹೇಳಿದೆ, ನನ್ನದು ಏನ್ಷಿಯಂಟ್ ಅಂತ. ಫೋನಿನಲ್ಲಿ ಫೋಟೋ ತೋರಿಸಿದೆ. "ಮನೆ ಹತ್ತಿರದಲ್ಲೇ ಇದೆ, ಕಿಲ್ಟ್ ತರಲಾ?" ಅಂತ ಕೇಳಿದೆ. "ಏನೂ ಬೇಡ, ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ" ಅಂದರು. ಉಣ್ಣೆ ಎಳೆಯ ಶೇಡ್ ಕಾರ್ಡ್ ಇದೆಯಾ ಅಂದೆ. "ಬ್ಲ್ಯಾಕ್ ವಾಚ್‌ಗೆ ಶೇಡ್ ಕಾರ್ಡ್ ಯಾಕೆ?" ಅಂದರು. ಹೊರಡುವ ಮುಂಚೆ ಇನ್ನೊಮ್ಮೆ ಹೇಳಿದೆ, ತಿಳಿ ನೀಲಿ, ಗಾಢ ನೀಲಿ ಅಲ್ಲ ಅಂತ. ತಲೆ ಆಡಿಸಿದರು. ಚೀಟಿಗೆ ಸಹಿ ಮಾಡಿಸಿಕೊಂಡರು. ಪೂರ್ತಿ ಹಣ ಮುಂಗಡ. ಆರು ವಾರ.

ಚೀಟಿಯನ್ನು ನಾನು ಓದಲಿಲ್ಲ. ಓದಬೇಕಿತ್ತು.

ಆರು ವಾರ ಎಂಟಾಯಿತು. ಮದುವೆಗೆ ಮೂರು ದಿನ ಇರುವಾಗ ಪಾರ್ಸೆಲ್ ಬಂತು. ರಾತ್ರಿ ದೀಪದ ಬೆಳಕಲ್ಲಿ ನೋಡಿದೆ, ಸ್ವಲ್ಪ ಕಪ್ಪಾಗಿದೆ ಅನಿಸಿತು. ದೀಪದ ದೋಷ ಇರಬಹುದು ಅಂದುಕೊಂಡು ಮಲಗಿದೆ. ಬೆಳಿಗ್ಗೆ ಹಾಕಿಕೊಂಡು ಕಿಟಕಿ ಹತ್ತಿರ ನಿಂತೆ. ನನ್ನ ಹೆಂಡತಿ ನೋಡಿದವಳೇ, "ರೀ, ಇದು ಬೇರೆ ಯಾರದ್ದೋ ಬಂದಿರಬೇಕು" ಅಂದಳು. ಮೇಲೆ ಮಳೆ ನಿಂತ ಆಕಾಶದ ಹಾಗೆ ತಿಳಿ ನೀಲಿ. ಮೊಣಕಾಲಿನ ಕೆಳಗೆ ಇದ್ದಿಲು. ವಜ್ರಗಳೇ ಕಾಣುತ್ತಿರಲಿಲ್ಲ, ನೀಲಿ ಕಪ್ಪು ಕಲಸಿಕೊಂಡು ಒಂದೇ ಆಗಿತ್ತು. ಮಾಡರ್ನ್ ಬಣ್ಣದಲ್ಲಿ ಹೆಣೆದಿದ್ದರು. ಎರಡು ಸಲ ಹೇಳಿದ್ದೆ. ಎರಡು ಸಲ!

ಅರ್ಧ ದಿನ ರಜೆ ಹಾಕಿ ಕಿಲ್ಟ್, ಹೋಸ್ ಎರಡನ್ನೂ ತೆಗೆದುಕೊಂಡು ಹೋದೆ. ಕೌಂಟರ್ ಮೇಲೆ ಪಕ್ಕ ಪಕ್ಕ ಇಟ್ಟೆ. ಅವರು ನೋಡಿದರು. ನಿಜ ಹೇಳಬೇಕೆಂದರೆ ಒಂದು ಕ್ಷಣ ಅವರ ಮುಖ ಬದಲಾಯಿತು, ನಾನು ಕಣ್ಣಾರೆ ನೋಡಿದೆ. ಆಮೇಲೆ ಚೀಟಿಯ ಪ್ರತಿ ತೆಗೆದು ನನ್ನ ಮುಂದೆ ತಳ್ಳಿದರು. "ಬ್ಲ್ಯಾಕ್ ವಾಚ್ ಆರ್ಗೈಲ್, ಒಂದು ಜೊತೆ" ಅಂತ ಇತ್ತು. ಏನ್ಷಿಯಂಟ್ ಅನ್ನುವ ಪದವೇ ಇಲ್ಲ. ಕೆಳಗೆ ನನ್ನ ಸಹಿ.

"ನಾನು ಬಾಯಿಬಿಟ್ಟು ಹೇಳಿದ್ದೆನಲ್ಲ?"

"ಬ್ಲ್ಯಾಕ್ ವಾಚ್ ಅಂದರೆ ಬ್ಲ್ಯಾಕ್ ವಾಚ್, ಸರ್."

"ಫೋಟೋ ನೋಡಿದ್ರಲ್ಲ?"

"ಫೋಟೋದಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲ, ಸರ್."

ಇದೇ ಮನುಷ್ಯ ಎಂಟು ವಾರದ ಹಿಂದೆ ಅದೇ ಫೋಟೋ ನೋಡಿ ಕಿಲ್ಟ್ ತರುವುದು ಬೇಡ ಅಂದದ್ದು. ಈಗ ಫೋಟೋದಲ್ಲಿ ಬಣ್ಣ ಬರುವುದಿಲ್ಲವಂತೆ! ಆಗಲೇ ನನಗೆ ಗೊತ್ತಾಗಿದ್ದು, ಟೋಪಿ ಬಿತ್ತು ಅಂತ. ಕಿವಿ ಬಿಸಿಯಾಯಿತು. ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು, ಮಾತೇ ಹೊರಡಲಿಲ್ಲ. ಕೊನೆಗೆ ಅವರು ಅಂದರು, "ಸಂಜೆ ಹಾಲ್ ಬೆಳಕಿನಲ್ಲಿ ನಿಮ್ಮ ಕಾಲು ಯಾರು ನೋಡುತ್ತಾರೆ, ಸರ್?" ಕಾಲು ಯಾರೂ ನೋಡುವುದಿಲ್ಲ ಅಂದಮೇಲೆ 145 ಪೌಂಡ್ ಹೋಸ್ ಯಾಕೆ ಮಾರುತ್ತೀರಿ ಅಂತ ಆಗ ಕೇಳಬೇಕಿತ್ತು. ಬಸ್ಸಿನಲ್ಲಿ ಹೊಳೆಯಿತು.

ಆಮೇಲೆ ಇಮೇಲ್ ಬರೆದೆ. ಹೇಳಿ ಮಾಡಿಸಿದ ವಸ್ತು, ವಾಪಸ್ ಇಲ್ಲ ಅಂತ ಉತ್ತರ. ಮನಸ್ಸು ಬದಲಾಗಿದ್ದರೆ ಅದು ಸರಿ, ಆದರೆ ಹೇಳಿದ್ದೇ ಒಂದು ಕೊಟ್ಟಿದ್ದೇ ಒಂದು ಆದರೆ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ 30 ದಿನದೊಳಗೆ ತಿರಸ್ಕರಿಸಬಹುದು ಅಂತ ಬರೆದೆ. ಚೀಟಿಯಲ್ಲಿ ಇರುವುದನ್ನೇ ಕೊಟ್ಟಿದ್ದೇವೆ ಅಂದರು. ಅಲ್ಲಿಗೆ ನನ್ನ ಕೈ ಕಟ್ಟಿತು. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರಲಿ? ಮುಂದಿನ ಖರೀದಿಗೆ 20 ಪೌಂಡ್ ಕೂಪನ್ ಕೊಡುತ್ತೇವೆ ಅಂತ ಕೊನೆಯ ಸಾಲು. ಅದನ್ನು ಓದಿದಾಗ ಮೈಯೆಲ್ಲ ಉರಿದುಹೋಯಿತು.

ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. ಮೈಸೂರಿನಲ್ಲಿ ಅಮ್ಮ ಬ್ಲೌಸ್ ಪೀಸ್ ತರಲು ಮ್ಯಾಚಿಂಗ್ ಸೆಂಟರ್‌ಗೆ ಹೋದರೆ ಸೀರೆ ಇಲ್ಲದೆ ಹೋದದ್ದೇ ಇಲ್ಲ. ಅಂಗಡಿಯವನು ಎಷ್ಟೇ ಹೇಳಲಿ, ಥಾನು ಎತ್ತಿಕೊಂಡು ಬಾಗಿಲಿಗೆ ಬಂದು, ಬಿಸಿಲಲ್ಲಿ ಸೆರಗಿನ ಮೇಲೆ ಇಟ್ಟು ನೋಡಿಯೇ ಕತ್ತರಿಸಲು ಹೇಳುತ್ತಿದ್ದರು. ಚಿಕ್ಕವನಿದ್ದಾಗ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದವನು ನಾನೇ. ಹತ್ತಾರು ಸಲ ನೋಡಿದ್ದೇನೆ. ಒಳಗಿನ ದೀಪಕ್ಕೆ ಒಂದೇ ಥರ ಕಾಣುವ ಎರಡು ಬಣ್ಣ ಹೊರಗೆ ಬಂದರೆ ಬೇರೆಯಾಗುತ್ತದೆ. ಇಷ್ಟು ಗೊತ್ತಿದ್ದೂ ಒಂದು ಮರ್ಯಾದೆಯ ಮಾತಿಗೆ ಮರುಳಾದೆ.

ಆದ್ದರಿಂದ ಕೇಳಿ. ಟಾರ್ಟನ್ ಹೆಸರಿನಿಂದ ಬಣ್ಣ ಗೊತ್ತಾಗುವುದಿಲ್ಲ. ಒಂದೇ ಹೆಸರಿನಲ್ಲಿ ಏನ್ಷಿಯಂಟ್, ಮಾಡರ್ನ್, ಮಾಸಿದ ಹಾಗೆ ಕಾಣುವ ವೆದರ್ಡ್ ಎಲ್ಲ ಇರುತ್ತದೆ. ಸಾಲದ್ದಕ್ಕೆ ಒಂದೊಂದು ಮಿಲ್‌ನ ನೀಲಿ ಒಂದೊಂದು ಥರ. ಕಿಲ್ಟ್ ತೆಗೆದುಕೊಂಡೇ ಹೋಗಿ. ಉಣ್ಣೆ ಎಳೆಯನ್ನು ಕಿಲ್ಟ್ ಮೇಲೆ ಇಟ್ಟು ಹಗಲು ಬೆಳಕಲ್ಲಿ ನೋಡಿ. ಪ್ರತಿ ಬಣ್ಣದ ಶೇಡ್ ನಂಬರ್ ಚೀಟಿಯಲ್ಲಿ ಬರೆಸಿ, ಓದಿ, ಆಮೇಲೆ ಸಹಿ ಮಾಡಿ. ಒಪ್ಪದಿದ್ದರೆ ಎದ್ದು ಬನ್ನಿ. ಬಣ್ಣ ಸರಿ ಸಿಗದಿದ್ದರೆ ಡಿಸೈನೇ ಬೇಡ, ಕಿಲ್ಟ್‌ನಲ್ಲಿರುವ ಒಂದು ಬಣ್ಣದ ಸಾದಾ ಹೋಸ್ ಹಾಕಿ. "ಯಾವುದಕ್ಕಾದರೂ ಹೊಂದುತ್ತೆ" ಅಂತ ಕೆಂಪು ಬಿಳಿ ಚೌಕದ ಹೋಸ್ ತೋರಿಸಿದರೆ ಅದಕ್ಕೂ ಬೀಳಬೇಡಿ. ಅದು ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ಅನ್ನುವ ಸ್ಕಾಟಿಷ್ ಸೇನಾ ರೆಜಿಮೆಂಟಿನ ಸೈನಿಕರು ಹಾಕುತ್ತಿದ್ದ ಥರದ್ದು. ಅಲ್ಲಿ ಸೇವೆ ಮಾಡಿದವರ ಮನೆಯವರು ಮದುವೆಯಲ್ಲಿದ್ದರೆ ಕೇಳಿಯೇ ಕೇಳುತ್ತಾರೆ.

ನಾನು ಮದುವೆಗೆ ಸಾದಾ ಹಸಿರು ಹೋಸ್ ಹಾಕಿಕೊಂಡು ಹೋದೆ. ಹಿಂದಿನ ಸಂಜೆ ಬೇರೆ ಅಂಗಡಿಯಲ್ಲಿ ತಂದದ್ದು. ಅಲ್ಲಿದ್ದ ಹುಡುಗಿ ನಾನು ಕೇಳುವ ಮೊದಲೇ, "ಕಿಲ್ಟ್ ತಂದಿದ್ದೀರಾ? ಬನ್ನಿ, ಹೊರಗೆ ಬೆಳಕಲ್ಲಿ ನೋಡೋಣ" ಅಂದಳು. ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಆ ಆರ್ಗೈಲ್ ಜೊತೆ ಇನ್ನೂ ಕಪಾಟಿನಲ್ಲಿದೆ, ಒಂದು ಸಲವೂ ಹೊರಗೆ ಹಾಕಿಕೊಂಡು ಹೋಗಿಲ್ಲ. ನಿಮ್ಮಲ್ಲಿ ಯಾರದ್ದಾದರೂ ಮಾಡರ್ನ್ ಬ್ಲ್ಯಾಕ್ ವಾಚ್ ಕಿಲ್ಟ್ ಇದ್ದು, ಪಾದದ ಅಳತೆ 8 ಆಗಿದ್ದರೆ ತಿಳಿಸಿ, ಸುಮ್ನೆ ಕೊಡುತ್ತೇನೆ. ಆದರೆ ಕಿಲ್ಟ್ ತೆಗೆದುಕೊಂಡು ಹಗಲಲ್ಲೇ ಬನ್ನಿ. ಕಿಟಕಿ ಹತ್ತಿರ ಇಟ್ಟು ನೋಡಿ, ಹೊಂದಿದರೆ ಮಾತ್ರ ತೆಗೆದುಕೊಂಡು ಹೋಗಿ.