ಮಾಸ್ಟ್ರಿಕ್ಟ್ ಚರ್ಚಿನೊಳಗಿನ ಪುಸ್ತಕದಂಗಡಿ: ಹಾಸನದಿಂದ ಹೋಗಿ ನೋಡಿ ಬಂದೆ

ಹಾಸನದವರು ಯಾರಾದರೂ ಮಕ್ಕಳನ್ನು ನೋಡಲು ನೆದರ್‌ಲ್ಯಾಂಡ್ಸ್‌ಗೆ ಹೋಗುವವರಿದ್ದರೆ, ಮಾಸ್ಟ್ರಿಕ್ಟ್ ಊರಿನಲ್ಲಿ ಡೊಮಿನಿಕನ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿ ಸಭೆಯವರ ಹಳೇ ಚರ್ಚಿನಲ್ಲಿರುವ ಪುಸ್ತಕದಂಗಡಿಗೆ ಖಂಡಿತ ಹೋಗಿ. ನನ್ನ ಮಗಳು ಇರುವುದು ಐಂಡ್‌ಹೋವನ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಸ್ಟೇಷನ್‌ನಿಂದ ಹಳೇ ಕಲ್ಲಿನ ಸೇತುವೆ ದಾಟಿ ನಡೆದೇ ಹೋದೆವು. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ.

13ನೇ ಶತಮಾನದ ಕಲ್ಲಿನ ಚರ್ಚು. ಕಂಬ, ಕಮಾನು, ಎತ್ತರದ ಕಿಟಕಿ ಎಲ್ಲ ಹಾಗೇ ಇವೆ. 2006ರಲ್ಲಿ ಅಂಗಡಿ ಮಾಡಿದಾಗ ಒಂದು ಬದಿಗೆ ಕಪ್ಪು ಉಕ್ಕಿನ ಭಾರಿ ಕಪಾಟು ನಿಲ್ಲಿಸಿದ್ದಾರೆ. ಅದು ಮಹಡಿ ಮನೆಯಷ್ಟು ಎತ್ತರ, ಮೆಟ್ಟಿಲು ಅದರೊಳಗೇ ಇದೆ. ಮೇಲೆ ಹತ್ತಿದರೆ ಚಾವಣಿಯ ಹಳೇ ಚಿತ್ರಗಳು ಕಣ್ಣಿಗೆ ಹತ್ತಿರವಾಗುತ್ತವೆ. ಇಂಗ್ಲಿಷ್ ಪುಸ್ತಕಗಳೂ ಸಾಕಷ್ಟಿವೆ. ಗೋಡೆಯ ಮೇಲೆ 1337ರ ಚಿತ್ರವೊಂದು ಉಳಿದಿದೆ, ಸಂತ ಥಾಮಸ್ ಅಕ್ವಿನಾಸರ ಬದುಕಿನದು. ಬಣ್ಣ ಬಹಳ ಮಾಸಿದೆ. ನಾನು ಪುಸ್ತಕ ನೋಡಿದ್ದಕ್ಕಿಂತ ಅದರ ಮುಂದೆ ನಿಂತದ್ದೇ ಜಾಸ್ತಿ.

ಬಲಿಪೀಠ ಇರಬೇಕಾದ ಜಾಗದಲ್ಲಿ ಈಗ ಕಾಫಿ ಕೊಡುತ್ತಾರೆ. ಅಲ್ಲಿರುವ ದೊಡ್ಡ ಮೇಜು ಶಿಲುಬೆಯ ಆಕಾರದ್ದು. ಮಗಳು ಹೋಗಿ ಕೂತಳು. ನನಗೆ ಕಾಲೇ ಬರಲಿಲ್ಲ. ಐವತ್ತು ವರ್ಷದಿಂದ ಆ ಜಾಗದ ಮುಂದೆ ಮಂಡಿಯೂರಿದ ಮೈ ಇದು, ಏನು ಹೇಳಿದರೂ ಕೇಳುವುದಿಲ್ಲ. ಪಕ್ಕದ ಸಣ್ಣ ಮೇಜಿಗೆ ಹೋದೆ. ಕಾಫಿ ಒಳ್ಳೆಯದೇ, ಆದರೆ ಚಿಕೋರಿ ಹಾಕಿದ ಫಿಲ್ಟರ್ ಕಾಫಿಯ ನಾಲಿಗೆಗೆ ಸ್ವಲ್ಪ ತೆಳು ಅನ್ನಿಸಿತು.

ಜನ ಪೂಜೆಗೆ ಬರುವುದು ನಿಂತಿತು, ಅದಕ್ಕೆ ಚರ್ಚು ಅಂಗಡಿಯಾಯಿತು ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. 1794ರಲ್ಲಿ ಫ್ರೆಂಚ್ ಕ್ರಾಂತಿಯ ಸೈನ್ಯ ಊರು ಹಿಡಿಯಿತು. ಆಮೇಲೆ ಡೊಮಿನಿಕನ್ ಗುರುಗಳು ಜಾಗ ಬಿಡಬೇಕಾಯಿತು. ಅಲ್ಲಿಂದ ಈಚೆಗೆ ಅದು ಕುದುರೆ ಲಾಯ, ಗೋದಾಮು, ಸೈಕಲ್ ನಿಲ್ಲಿಸುವ ಜಾಗ ಎಲ್ಲ ಆಗಿದೆ. ಅಂದರೆ ಅಂಗಡಿಯವರು ದೇವರನ್ನು ಹೊರಗೆ ಹಾಕಿದ್ದಲ್ಲ, ಸೈಕಲ್‌ಗಳನ್ನು ಹೊರಗೆ ಹಾಕಿದ್ದು.

ಆದರೆ ಈ ನಮ್ಮ ಕಾಲದಲ್ಲೇ ಖಾಲಿಯಾದ ಚರ್ಚುಗಳು ಆ ದೇಶದಲ್ಲಿ ಬೇಕಾದಷ್ಟಿವೆ. 2017ರ ಹೊತ್ತಿಗೇ ಅಲ್ಲಿನ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮಗೆ ಯಾವ ಧರ್ಮವೂ ಇಲ್ಲ ಅಂದಿದ್ದರು. ನಮ್ಮ ಜೊತೆ ಮಗಳ ಆಫೀಸಿನ ಡಚ್ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಅಜ್ಜಿ ದಿನಾ ಪೂಜೆಗೆ ಹೋಗುತ್ತಿದ್ದರಂತೆ. ಅಮ್ಮ ಕ್ರಿಸ್‌ಮಸ್‌ಗೆ ಮಾತ್ರ. ಇವಳಿಗೆ ಜ್ಞಾನಸ್ನಾನವೂ ಆಗಿಲ್ಲ. "ನಿಮಗೆ ಅದು ಸತ್ಯ, ನನಗೆ ನನ್ನದು ಸತ್ಯ" ಅಂದಳು. ಜಗಳದ ಮಾತಲ್ಲ, ಮರ್ಯಾದೆಯಿಂದಲೇ ಅಂದದ್ದು. ಎಲ್ಲರಿಗೂ ಸೇರಿದ ದೊಡ್ಡ ಕಥೆಯನ್ನು ನಂಬದಿರುವುದೇ ಈ ಕಾಲದ ಗುಣ ಅಂತ ಫ್ರಾನ್ಸಿನ ತತ್ವಜ್ಞಾನಿ ಲ್ಯೊತಾರ್ 1979ರಲ್ಲೇ ಬರೆದಿದ್ದರು. ಆ ಮಾತನ್ನು ಒಬ್ಬ ಒಳ್ಳೆಯ ಹುಡುಗಿಯ ಬಾಯಲ್ಲಿ ಕೇಳಿದಾಗ ನನಗೆ ನೋವಾಯಿತು. ಕ್ರಿಸ್ತರು ಸತ್ತು ಎದ್ದದ್ದು ನನಗೊಬ್ಬಳಿಗೆ ಮಾತ್ರ ನಿಜವಾಗಿರಲು ಹೇಗೆ ಸಾಧ್ಯ?

ಅಂಗಡಿಯಿಂದ ಹೊರಟಮೇಲೆ ಆ ಹುಡುಗಿಯೇ ನಮ್ಮನ್ನು ಅದೇ ಊರಿನ ಮಾತೆ ಮರಿಯಮ್ಮನವರ ಬಸಿಲಿಕಾ ಚರ್ಚಿಗೆ ಕರೆದುಕೊಂಡು ಹೋದಳು. ಬಾಗಿಲ ಹತ್ತಿರವೇ 'ಸಮುದ್ರದ ನಕ್ಷತ್ರ' ಅನ್ನುವ ಹೆಸರಿನ ಮಾತೆಯ ಪ್ರತಿಮೆ ಇದೆ. ಮುಂದೆ ಸಾಲು ಸಾಲು ಮೇಣದ ಬತ್ತಿ. ಅದು ಪೂಜೆಯ ಹೊತ್ತಲ್ಲ, ಆದರೂ ಜನ ಬರುತ್ತಲೇ ಇದ್ದರು. ಸಂತೆ ಚೀಲ ಹಿಡಿದವರು, ಕಿವಿಗೆ ಇಯರ್‌ಫೋನ್ ಹಾಕಿದ್ದ ಹುಡುಗರು. ಇವಳೂ ನಾಣ್ಯ ಹಾಕಿ ಒಂದು ಬತ್ತಿ ಹಚ್ಚಿದಳು. ಯಾರಿಗಮ್ಮ ಅಂದೆ. "ಅಜ್ಜಿಗೆ" ಅಂದಳು. ನಾವು ಹೊರಗೆ ಬಂದಮೇಲೂ ಅವಳು ತುಂಬ ಹೊತ್ತು ಒಳಗೇ ಇದ್ದಳು.

ಊರಿಗೆ ಬಂದು ಅಮ್ಮನಿಗೆ ಫೋಟೋ ತೋರಿಸಿದೆ. ಅಮ್ಮನಿಗೀಗ 84. ಅವರ ಮದುವೆ ಆಗಿದ್ದು ಶೆಟ್ಟಿಹಳ್ಳಿ ಚರ್ಚಿನಲ್ಲಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಮೇಲೆ ಆ ಚರ್ಚು ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಬಯಲಲ್ಲಿ. ಈಗ ಅಲ್ಲಿಗೆ ಹೋಗುವವರು ಫೋಟೋ ತೆಗೆಯುವವರು ಮಾತ್ರ. ಶಿಲುಬೆಯ ಮೇಜು ನೋಡಿ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನಾನು ಆ ಫೋಟೋ ಬೇಗ ಸರಿಸಿದೆ. ಅವರು ಅದನ್ನು ನೋಡಲೇ ಇಲ್ಲ. ನೋಡಿದ್ದು ಚಾವಣಿಯನ್ನು.

"ಸೂರು ಹಂಗೇ ಐತಲ್ಲ ಕಣೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ದರಲ್ಲೂ ಯಾರಾದ್ರೂ ಪುಸ್ತಕ ಇಟ್ಕಂಡು ಕೂತಿದ್ರೆ ಸೂರು ಉಳೀತಿತ್ತೇನೋ. ನೀನು ಅಲ್ಲಿ ಪ್ರಾರ್ಥನೆ ಮಾಡಿದ್ಯಾ?"

ಮಾಡಿದೆ ಅಮ್ಮ, ಆ ಹಳೇ ಚಿತ್ರದ ಮುಂದೆ ನಿಂತು ಮಾಡಿದೆ ಅಂದೆ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಆಮೇಲೆ ತುಂಬ ಜನ ಆಗುತ್ತಾರೆ. ಬಸಿಲಿಕಾ ಅಲ್ಲಿಂದ ನಡೆದು ಹೋಗುವಷ್ಟೇ ದೂರ, ಅದನ್ನು ಬಿಡಬೇಡಿ. ಬತ್ತಿಗೆ ಚಿಲ್ಲರೆ ಇಟ್ಟುಕೊಂಡಿರಿ. ಅಮ್ಮ ಈಗಲೇ ಹೇಳಿಟ್ಟಿದ್ದಾರೆ, ಮುಂದಿನ ಸಲ ಅವರ ಲೆಕ್ಕದಲ್ಲಿ ಎರಡು ಹಚ್ಚಬೇಕಂತೆ. ಒಂದು ನಮ್ಮ ಅಪ್ಪನಿಗೆ, ಇನ್ನೊಂದು ಆ ಡಚ್ ಹುಡುಗಿಗೆ.