ಸ್ಟೇಷನ್‌ಗೆ 400 ಮೀಟರ್ ಅಂದಿದ್ದರು: ಒಂದು ವರ್ಷ ಬಾಡಿಗೆಗಿದ್ದು ಬರೆದ ವಿಮರ್ಶೆ

ಅಪಾರ್ಟ್‌ಮೆಂಟಿನ ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿತ್ತು: ಮೆಟ್ರೋ ಸ್ಟೇಷನ್‌ಗೆ 400 ಮೀಟರ್. ಸುಳ್ಳೇನಲ್ಲ. ಮೂರನೇ ಮಹಡಿಯ ನಮ್ಮ ಅಡುಗೆಮನೆ ಕಿಟಕಿಯಿಂದ ರೈಲು ಬಂದು ನಿಲ್ಲುವುದು ಕಾಣುತ್ತದೆ. ಆದರೆ ಆ ಲೆಕ್ಕ ಹಕ್ಕಿಗೆ ಸರಿ, ನನಗಲ್ಲ. ಕಾಂಪ್ಲೆಕ್ಸಿನ ಇದ್ದೊಂದು ಗೇಟು ಸ್ಟೇಷನ್‌ಗೆ ಬೆನ್ನು ಮಾಡಿಕೊಂಡು ನಿಂತಿತ್ತು. ಹಿಂದಿನ ರಸ್ತೆಗೆ ಬಂದು ಕಾಂಪೌಂಡ್ ಪೂರ್ತಿ ಸುತ್ತಬೇಕು. ಫೋನಿನಲ್ಲಿ ಅಳೆದರೆ 950 ಮೀಟರ್. ನನಗೆ 12 ನಿಮಿಷ, ಮಂಡಿನೋವಿನ ಅಮ್ಮನಿಗೆ 20ಕ್ಕೂ ಜಾಸ್ತಿ.

ನಗರ ಯೋಜನೆ ಮಾಡುವವರು ಸಾಮಾನ್ಯವಾಗಿ 400 ಮೀಟರ್‌ಗೆ ಐದು ನಿಮಿಷ, 800ಕ್ಕೆ ಹತ್ತು ನಿಮಿಷ ಅಂತ ಹಿಡಿಯುತ್ತಾರೆ. ಅದರಾಚೆ ಹೋದಷ್ಟೂ ಜನ ಸ್ಕೂಟರ್ ಕೀಲಿ ಹುಡುಕುತ್ತಾರೆ. ನಾನೂ ಹುಡುಕಿದೆ. ಮೆಟ್ರೋ ಪಕ್ಕ ಮನೆ ಮಾಡಿ, ಮೆಟ್ರೋಗೆ ಹೋಗಲು ಸ್ಕೂಟರ್!

ಇನ್ನು ಕಟ್ಟಡಗಳನ್ನು ಜೋಡಿಸಿದ ರೀತಿ. ಅತಿ ಎತ್ತರದ ಟವರ್ ಸ್ಟೇಷನ್‌ನಿಂದ ಅತಿ ದೂರದಲ್ಲಿದೆ. ಸ್ಟೇಷನ್ ಕಡೆಯ ಮೂಲೆಯಲ್ಲಿ ಕ್ಲಬ್‌ಹೌಸ್ ಮತ್ತು ಕಾರು ಹತ್ತುವ ರ‍್ಯಾಂಪ್. ಸ್ವೀಡನ್‌ನ ಸ್ಟಾಕ್‌ಹೋಮ್‌ನವರು 1950ರ ದಶಕದಲ್ಲಿ ವೆಲಿಂಗ್‌ಬಿ ಅನ್ನುವ ಹೊಸ ಬಡಾವಣೆ ಕಟ್ಟಿದಾಗ ಇದಕ್ಕೆ ತದ್ವಿರುದ್ಧ ಮಾಡಿದ್ದರು. ಎತ್ತರದ ಮನೆಗಳು ಸ್ಟೇಷನ್ ಸುತ್ತ, ತಗ್ಗು ಮನೆಗಳು ದೂರಕ್ಕೆ. ಜಾಸ್ತಿ ಜನ ಕಮ್ಮಿ ನಡೆಯಲಿ ಅಂತ. ಬ್ರೆಜಿಲ್‌ನ ಕುರಿಟಿಬಾದಲ್ಲಂತೂ ಬಸ್ಸಿಗೇ ಪ್ರತ್ಯೇಕ ದಾರಿ ಬಿಟ್ಟು, ಆ ದಾರಿಯ ಉದ್ದಕ್ಕೂ ಎತ್ತರದ ಕಟ್ಟಡಗಳಿಗೆ ಜಾಗ ಕೊಟ್ಟರು. ಅಂದರೆ ಇದು ಇವತ್ತು ಹೊಳೆದ ವಿಷಯವಲ್ಲ.

ನನಗೆ ಅತಿ ಕಿರಿಕಿರಿ ಆಗಿದ್ದು ಪಾರ್ಕಿಂಗ್. ನೆಲಮಹಡಿ, ಅದರ ಮೇಲಿನ ಮಹಡಿ ಎರಡೂ ಕಾರುಗಳಿಗೆ. ಕಾರಿಲ್ಲದ ನನ್ನ ಮನೆಗೂ ಒಂದು ಜಾಗ ಗಂಟು ಬಿದ್ದಿದೆ. ಅಲ್ಲೀಗ ನನ್ನ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇದೆ. ಬೀದಿ ಕಡೆ ಕಾಣುವುದು ಬರೀ ಜಾಲರಿ ಮತ್ತು ಗೋಡೆ. ಒಂದು ಅಂಗಡಿ ಇಲ್ಲ, ಬಾಗಿಲಿಲ್ಲ, ಕಿಟಕಿಯಿಲ್ಲ. ರಾತ್ರಿ ಆ ಗೋಡೆ ಪಕ್ಕ ಒಬ್ಬಳೇ ಬರುವಾಗ ಫೋನ್ ಕೈಯಲ್ಲೇ ಇರುತ್ತದೆ. ಎದುರು ಬದಿಯಲ್ಲಿ ಹಳೇ ಕಟ್ಟಡ, ಕೆಳಗೆ ದರ್ಜಿ ಅಂಗಡಿ, ಮೇಲೆ ಮನೆ. ಟ್ಯೂಬ್‌ಲೈಟ್ ಉರಿಯುತ್ತದೆ, ಮಿಷನ್ ಸದ್ದು ಕೇಳುತ್ತದೆ. ಸುಮ್ನೆ ರಸ್ತೆ ದಾಟಿ ಆ ಕಡೆಯಿಂದಲೇ ನಡೆಯುತ್ತೇನೆ.

ಒಳ್ಳೆಯದೂ ಇದೆ. ಒಳಗಿನ ಅಂಗಳಕ್ಕೆ ಎಲ್ಲ ಬಾಲ್ಕನಿಗಳೂ ಮುಖ ಮಾಡಿವೆ. ಮೇಲಿಂದ ಕೂಗಿದರೆ ಆಡುವ ಮಕ್ಕಳಿಗೆ ಕೇಳುತ್ತದೆ. ಮಲಗುವ ಕೋಣೆ ಹಳಿಯ ಕಡೆ ಇಲ್ಲ, ನಿದ್ದೆಗೆ ತೊಂದರೆಯಿಲ್ಲ. ಆದರೆ ಮನೆಗಳೆಲ್ಲ ಮೂರು ಬೆಡ್‌ರೂಮಿನವು. ಬೆಳಗ್ಗೆ ಆರರ ರೈಲಿನಿಂದ ಇಳಿದು ಈ ಗೇಟಿಗೆ ಬರುವವರು ಕಸ ಗುಡಿಸುವವರು, ಮನೆಗೆಲಸದವರು, ಸೆಕ್ಯೂರಿಟಿಯವರು. ರೈಲು ನಿಜಕ್ಕೂ ಬೇಕಾದವರು ಅವರೇ ಅಲ್ವಾ? ಅವರು ಬಾಡಿಗೆ ಕೊಡಬಲ್ಲಂಥ ಚಿಕ್ಕ ಮನೆ ಇಲ್ಲಿ ಒಂದೂ ಇಲ್ಲ.

ಎಂಟು ತಿಂಗಳು ಮೀಟಿಂಗ್‌ನಲ್ಲಿ ಜಗಳ ಆಡಿದ ಮೇಲೆ ಸ್ಟೇಷನ್ ಕಡೆಯ ಗೋಡೆ ಒಡೆದು ಪುಟ್ಟ ಗೇಟು ಇಟ್ಟರು. ಒಬ್ಬರು ಹಾಯುವಷ್ಟು ಅಗಲ. ಈಗ ಆರು ನಿಮಿಷ. ಸ್ಕೂಟರಿನ ಬ್ಯಾಟರಿ ಡೌನ್ ಆಗಿದ್ದೂ ಗೊತ್ತಾಗಲಿಲ್ಲ. ಅಮ್ಮ ಮೊನ್ನೆ ಹೇಳದೆ ಕೇಳದೆ ಒಬ್ಬರೇ ಹೋಗಿ ಬಂದರು.

ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದು ಆ ಪುಟ್ಟ ಗೇಟಿಗೆ. ಅದಕ್ಕೂ ರಾತ್ರಿ ಹತ್ತಕ್ಕೆ ಬೀಗ ಹಾಕುತ್ತಾರೆ, ಕೊನೆಯ ರೈಲು ಬರುವುದು ಹನ್ನೊಂದಕ್ಕೆ. ಮುಂದಿನ ಮೀಟಿಂಗ್ ಭಾನುವಾರ.